ರೇಷ್ಮೆ ಸುತ್ತಿದ ತಂತಿ

ಕಾರು ಪೂರ್ತಿ ಕೆಟ್ಟು ನಿಂತರೆ ನನಗೆ ಸಿಟ್ಟು ಬರುವುದಿಲ್ಲ. ಕೆಟ್ಟದ್ದು ಕೆಟ್ಟಿತು, ಬಿಚ್ಚಿ ನೋಡಿದರಾಯಿತು. ಒಂದು ಗಳಿಗೆ ಓಡಿ ಇನ್ನೊಂದು ಗಳಿಗೆ ನಿಂತು, ಇಂಜಿನ್ ಮುಚ್ಚಳ ತೆಗೆದರೆ ಏನೂ ಆಗದ ಹಾಗೆ ಮತ್ತೆ ಓಡುತ್ತದಲ್ಲ, ಅಂಥ ಕಾರು ಮೊಂಡ ಎತ್ತಿಗಿಂತ ಕಡೆ. ಅಂಥದ್ದರ ಜೊತೆ ಕಳೆದ ಒಂದು ಮಧ್ಯಾಹ್ನವನ್ನು ನಾನು ಇವತ್ತಿಗೂ ಮರೆತಿಲ್ಲ.

ಆಗ ಮೊಳಕಾಲ್ಮೂರಿನಲ್ಲಿ ಇದ್ದದ್ದು ಒಂದೇ ಕಾರು. ಅದು ಸೀರೆ ವ್ಯಾಪಾರದ ಸಾಹುಕಾರರದು, ಓಡಿಸುವವನು ನಾನು. ನಮ್ಮದು ನೇಕಾರರ ಮನೆ. ಅಪ್ಪ ಅವ್ವ ಬೇಗ ಹೋದ ಮೇಲೆ ನನ್ನನ್ನು ಸಾಕಿದವನು ಅಣ್ಣ. ಮಗ್ಗದ ಗುಂಡಿಯಲ್ಲಿ ಕೂರಲಾರದೆ ನಾನು ಮೋಟಾರಿನ ಹುಚ್ಚು ಹಚ್ಚಿಕೊಂಡಾಗ ಇಡೀ ಕೇರಿ ನಕ್ಕಿತು, ಅಣ್ಣ ನಗಲಿಲ್ಲ. "ಹೋಗ್ಲಿ ಬಿಡ್ರಿ, ಮನೆಗೊಬ್ಬ ದಾರಿ ನೋಡಿದೋನು ಇರ್ಲಿ" ಎಂದನಷ್ಟೆ.

ಆ ದಿನ ಬೆಳಿಗ್ಗೆ ಅಣ್ಣನ ಮಗ್ಗದಲ್ಲಿ ಲಾಳಿ ಹಾರಿತು. ಹಗ್ಗ ಜಗ್ಗಿದರೆ ತಾನೇ ಓಡುವ ಲಾಳಿ ನಮ್ಮ ಕಡೆಗೆ ಹೊಸದು. ಅದರ ಎರಡೂ ತುದಿಗೆ ಕಬ್ಬಿಣದ ಮೊನೆ. ದಾರಿ ತಪ್ಪಿ ಎದ್ದ ಮೊನೆ ಅವನ ಬಲಗಣ್ಣಿಗೆ ಬಡಿಯಿತು. ಸಾಹುಕಾರರ ಕೆಲಸಕ್ಕೆ ಹೋಗಿದ್ದ ನಾನು ರಾಯದುರ್ಗದಿಂದ ಕಾರು ತರುವ ಹೊತ್ತಿಗೆ ಸೂರ್ಯ ನೆತ್ತಿಯಿಂದ ಇಳಿಯುತ್ತಿದ್ದ. ಊರಿನ ಪಂಡಿತರು ಅಣ್ಣನ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದ್ದರು.

"ಇದು ನನ್ನ ಕೈಯಾಗಿಲ್ಲಪ್ಪ. ಚಳ್ಳಕೆರೆ ಆಸ್ಪತ್ರೆಗೆ ಇವತ್ತು ಕಣ್ಣಿನ ಡಾಕ್ಟ್ರು ಬಂದವ್ರೆ. ಹೊತ್ತು ಮುಳುಗೋದ್ರೊಳಗೆ ಮುಟ್ಟಿಸು. ದೀಪದ ಬೆಳಕಿನಾಗೆ ಅವರು ಕಣ್ಣಿಗೆ ಕತ್ತಿ ಹಾಕಲ್ಲ" ಎಂದರು ಪಂಡಿತರು.

ಸಾಹುಕಾರರು ಮರುಮಾತಾಡದೆ ಕಾರು ಕೊಟ್ಟರು. ಅಣ್ಣನನ್ನು ನನ್ನ ಪಕ್ಕ ಕೂರಿಸಿದೆ. ಅತ್ತಿಗೆ ಹಿಂದೆ ಕೂತು, ಅವನ ತಲೆ ಅಲುಗಾಡದಂತೆ ಎರಡೂ ಕೈಯಿಂದ ಹಿಡಿದುಕೊಂಡಳು. ಕಾರು ಅಂದರೆ ಅವಳಿಗೆ ಭಯ. ಆವತ್ತು ಭಯಪಡಲಿಕ್ಕೂ ಪುರುಸೊತ್ತಿರಲಿಲ್ಲ.

ಗುಡ್ಡದ ಸಾಲು ಹಿಂದೆ ಬೀಳುತ್ತಿದ್ದಂತೆ ಒಂದು ಹಳ್ಳದ ದಿಣ್ಣೆ ಹತ್ತುವಾಗ ಇಂಜಿನ್ ನಿಂತಿತು. ಕೆಮ್ಮಲಿಲ್ಲ, ಮುಲುಗಲಿಲ್ಲ, ದೀಪ ಆರಿದ ಹಾಗೆ ನಿಂತಿತು. ಪೆಟ್ರೋಲ್ ತೀರಿದರೆ ಹೀಗೆ ನಿಲ್ಲುವುದಿಲ್ಲ, ಒಂದಷ್ಟು ತಿಣುಕಾಡಿಯೇ ನಿಲ್ಲುತ್ತದೆ. ಹಾಗಾದರೆ ಕಿಡಿ ಹೋಗಿದೆ ಅಂದುಕೊಂಡು ಮುಚ್ಚಳ ಎತ್ತಿದೆ. ಒಂದು ಪ್ಲಗ್ ಬಿಚ್ಚಿ ಇಂಜಿನ್ ಮೇಲೆ ಇಟ್ಟು ಹ್ಯಾಂಡಲ್ ತಿರುಗಿಸಿದರೆ ನೀಲಿ ಕಿಡಿ ಚಟಚಟ ಹಾರಿತು. ಪ್ಲಗ್ ಹಾಕಿ ಮತ್ತೆ ತಿರುಗಿಸಿದೆ, ಕಾರು ಶುರುವಾಯಿತು. ಮುಚ್ಚಳ ಹಾಕಿಕೊಂಡು ಹೊರಟೆವು.

ಕೊಂಡ್ಲಹಳ್ಳಿಗೆ ತಿರುಗುವ ಕವಲು ಬರುವ ಮೊದಲೇ ಮತ್ತೆ ನಿಂತಿತು. ಈ ಸಲ ಮ್ಯಾಗ್ನೆಟೋ ಬಿಚ್ಚಿದೆ. ಇಂಜಿನ್ ತಿರುಗಿದಂತೆ ಕಿಡಿ ಹುಟ್ಟಿಸುವ ಯಂತ್ರ ಅದು. ಒಳಗಿನ ತುದಿಗಳನ್ನು ಒರೆಸಿ, ಉಜ್ಜಿ, ಊದಿ ಹಾಕಿದೆ. ಶುರುವಾಯಿತು. ಗೆದ್ದೆ ಅಂದುಕೊಂಡು ಜೋರಾಗಿ ಬಿಟ್ಟೆ. ಕವಲು ದಾಟಿ ಒಂದು ಗುಂಡಿಗೆ ಇಳಿದದ್ದೇ ತಡ, ಮತ್ತೆ ನಿಂತಿತು.

"ಏನಾತಪ್ಪ?" ಎಂದಳು ಅತ್ತಿಗೆ.

"ನಂಗೇನ್ ಗೊತ್ತು! ಸುಮ್ಕೆ ಕೂತ್ಕ!" ಎಂದು ಕೂಗಿದೆ. ಅವಳ ಮುಖ ನೋಡಲಿಲ್ಲ. ನೆರಳು ಉದ್ದವಾಗುತ್ತಿದ್ದದ್ದನ್ನು ನೋಡುತ್ತಿದ್ದೆ. ಅಣ್ಣ ಹಲ್ಲು ಕಚ್ಚಿ ಕೂತಿದ್ದ. ಅವನು ಒಂದು ಸಲ ಅಯ್ಯೋ ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಾವಲಿನ ಹುಲ್ಲುಬಯಲಿನ ಅಂಚಿನಲ್ಲಿ ಮತ್ತೊಮ್ಮೆ ನಿಂತಾಗ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಬಂದ. "ಎದ್ದುಲು ಕಟ್ಟಮಂಟಾವಾ?" ಎಂದು ತೆಲುಗಿನಲ್ಲಿ ಕೇಳಿದ. ಎತ್ತು ಕಟ್ಟಿ ಎಳೆಸಲೇ ಎಂದು ಪಾಪ ಒಳ್ಳೆಯ ಮಾತನ್ನೇ ಕೇಳಿದ್ದು. "ನಿನ್ನ ಕುರಿ ಕಟ್ಟು ಹೋಗು" ಎಂದು ರೇಗಿದೆ. ಅವನು ಸಿಟ್ಟಾಗದೆ ನೀರಿನ ಕಟ್ಟೆ ಇರುವ ದಿಕ್ಕು ತೋರಿಸಿ ಹೋದ. ರೇಡಿಯೇಟರ್ ಕುದಿಯುತ್ತಿತ್ತು. ಡಬ್ಬ ಹಿಡಿದು ಅತ್ತಿಗೆ ಕಟ್ಟೆಯ ಕಡೆ ಓಡಿದಳು.

ನಾನು ಹೊಂಗೆಮರದ ಕೆಳಗೆ ತಲೆಗೆ ಕೈ ಹಚ್ಚಿ ಕೂತೆ. ಸಿಟ್ಟು ಇಳಿದರೆ ಬುದ್ಧಿ ಏರುತ್ತದೆ ಅನ್ನುತ್ತಿದ್ದಳು ನಮ್ಮವ್ವ. ನಿಂತದ್ದೆಲ್ಲ ಮುಚ್ಚಳ ಹಾಕಿದ ಮೇಲೆ, ಶುರುವಾದದ್ದೆಲ್ಲ ಮುಚ್ಚಳ ತೆಗೆದ ಮೇಲೆ. ನಾನು ಉಜ್ಜಿದ್ದಕ್ಕೂ ಊದಿದ್ದಕ್ಕೂ ಕಾರಿಗೂ ಸಂಬಂಧವೇ ಇರಲಿಲ್ಲ!

ಎದ್ದು ಹೋಗಿ ಇಂಜಿನ್ ಶುರು ಮಾಡಿದೆ. ಮುಚ್ಚಳವನ್ನು ಮೆಲ್ಲಗೆ ಇಳಿಸಿ ಒತ್ತಿದೆ, ನಿಂತಿತು. ಎತ್ತಿ ಮತ್ತೆ ಶುರು ಮಾಡಿ ಒತ್ತಿದೆ, ನಿಂತಿತು. ಮುಚ್ಚಳದ ಅಂಚು ಬಂದು ಕೂರುವ ಜಾಗದಲ್ಲಿ ಬೆರಳಾಡಿಸಿದೆ. ಅಲ್ಲಿದ್ದದ್ದು ಮ್ಯಾಗ್ನೆಟೋದಿಂದ, ಕಾರು ನಿಲ್ಲಿಸಲು ನಾನು ಒತ್ತುವ ಗುಂಡಿಗೆ ಬರುವ ತಂತಿ. ಆ ತಂತಿ ಕಬ್ಬಿಣಕ್ಕೆ ತಾಗಿದರೆ ಕಿಡಿ ಸಾಯುತ್ತದೆ. ಗುಂಡಿ ಒತ್ತಿ ಕಾರು ನಿಲ್ಲಿಸುವುದೇ ಹಾಗೆ.

ಆದರೆ ಆ ತಂತಿ ಬರಿಮೈಯಲ್ಲಿರಲಿಲ್ಲ. ಕೆಲವು ದಿನದ ಹಿಂದೆ ಇಲಿ ಅದರ ಹೊದಿಕೆ ಕಡಿದಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ, ನಮ್ಮ ಪಾಲಿಗೆ ಚೆಲ್ಲಾಟ ಇಲಿಯದೇ ಆಯಿತು. ವಿದ್ಯುತ್ತು ರೇಷ್ಮೆಯನ್ನು ದಾಟುವುದಿಲ್ಲ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನೇಕಾರರ ಮನೆಯಲ್ಲಿ ರೇಷ್ಮೆಗೇನು ಬರ! ತಂತಿ ಬಿಚ್ಚಿ ತಂದು ಅತ್ತಿಗೆಗೆ ಕೊಟ್ಟಿದ್ದೆ, ಅವಳು ಅಚ್ಚುಕಟ್ಟಾಗಿ ಸುತ್ತಿಕೊಟ್ಟಿದ್ದಳು. ಆ ಸುತ್ತು ಈಗ ಮುಚ್ಚಳದ ಒತ್ತಿಗೆ ಸವೆದು ಎದ್ದಿತ್ತು, ಒಂದು ಕಡೆ ಕರಕಲಾಗಿತ್ತು. ರೇಷ್ಮೆಯಾದರೆ ಕಿಡಿ ಹೇಗೆ ಸೋರುತ್ತದೆ? ಚಾಕುವಿನಿಂದ ಸುತ್ತನ್ನು ಸೀಳಿ ತೆಗೆದೆ.

"ಏನ್ಲೇ ಅದು? ಕೊಡಿಲ್ಲಿ" ಎಂದ ಅಣ್ಣ. ಕಣ್ಣು ಕಟ್ಟಿದ್ದರೂ ಕೈ ಚಾಚಿದ. ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಒಂದು ಸಲ ಹೊಸೆದ. ಅಷ್ಟೇ ಸಾಕಾಯಿತು.

"ಒಳಗೆ ಜರಿ ಐತೆ ಕಣೋ" ಎಂದ. ದನಿ ತೀರ ಸಣ್ಣಗಿತ್ತು.

ಉಡಿದಾರಕ್ಕಾಗಲಿ, ತೊಟ್ಟಿಲ ಹಗ್ಗಕ್ಕಾಗಲಿ, ಗಟ್ಟಿಯಾಗಿ ಬಾಳಬೇಕಾದ್ದಕ್ಕೆಲ್ಲ ಒಂದೆಳೆ ಜರಿ ಸೇರಿಸುವುದು ನಮ್ಮ ಮನೆ ಹೆಂಗಸರ ವಾಡಿಕೆ. ಒಳ್ಳೆಯದಾಗಲಿ ಅಂತ. ಮೈದುನನ ಕಾರಿನ ತಂತಿಗೂ ಅತ್ತಿಗೆ ಒಳಗೆ ಜರಿ ಸುತ್ತಿ, ಮೇಲೆ ರೇಷ್ಮೆ ಹೊದಿಸಿದ್ದಳು. ಜರಿಯೆಂದರೆ ಬೆಳ್ಳಿ. ಬೆಳ್ಳಿಯಲ್ಲಿ ವಿದ್ಯುತ್ತು ಹರಿಯುವಷ್ಟು ಸಲೀಸಾಗಿ ಇನ್ನಾವುದರಲ್ಲೂ ಹರಿಯುವುದಿಲ್ಲ. ಮೇಲಿನ ರೇಷ್ಮೆ ಸವೆದ ಕಡೆ ಆ ಜರಿ ಹೊರಬಂದು ಮುಚ್ಚಳಕ್ಕೆ ತಾಗುತ್ತಿತ್ತು.

ಡಬ್ಬ ತುಂಬಿಕೊಂಡು ಅತ್ತಿಗೆ ಓಡೋಡಿ ಬರುತ್ತಿದ್ದಳು. ಅವಳ ಮೇಲೆ ಹರಿಹಾಯಲು ತಿರುಗಿದವನ ರಟ್ಟೆಯನ್ನು ಅಣ್ಣ ಹಿಡಿದುಕೊಂಡ.

"ಅವಳಿಗೆ ಗೊತ್ತಾಗಬಾರ್ದು. ಕಣ್ಣು ಉಳುದ್ರೂ ಗೊತ್ತಾಗಬಾರ್ದು, ಹೋದ್ರೂ ಗೊತ್ತಾಗಬಾರ್ದು. ಆತಾ?"

ನಾನು ರಟ್ಟೆ ಕೊಸರಿಕೊಂಡೆ. ಅವನು ಇನ್ನೂ ಬಿಗಿಯಾಗಿ ಹಿಡಿದ. "ಆತು" ಎಂದೆ. ಅವನು ಆ ಸುತ್ತನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಏನಾಗಿತ್ತು?" ಎಂದಳು ಅತ್ತಿಗೆ, ಏದುಸಿರು ಬಿಡುತ್ತ.

"ಧೂಳು ಕೂತಿತ್ತಂತೆ" ಎಂದ ಅಣ್ಣ.

ನನ್ನ ಧೋತ್ರದ ಅಂಚು ಹರಿದು ತಂತಿಗೆ ಸುತ್ತಿದೆ. ಮುಚ್ಚಳ ಕಳಚಿ ಹಿಂದೆ ಹಾಕಿದೆ. ಆಮೇಲೆ ಆ ಕಾರು ಎಲ್ಲೂ ನಿಲ್ಲಲಿಲ್ಲ. ಗುಂಡಿ ದಿಣ್ಣೆ ನೋಡದೆ ಓಡಿಸಿದೆ. ಸೂರ್ಯ ಮಾತ್ರ ನನಗಿಂತ ಜೋರಾಗಿ ಓಡಿದ. ಚಳ್ಳಕೆರೆ ಪೇಟೆಗೆ ನುಗ್ಗಿದಾಗ ಅಂಗಡಿಗಳಲ್ಲಿ ದೀಪ ಹಚ್ಚುತ್ತಿದ್ದರು.

ಡಾಕ್ಟರು ಪೆಟ್ಟಿಗೆ ಕಟ್ಟಿ ಹೊರಟು ನಿಂತಿದ್ದವರು ಒಳಗೆ ಬಂದರು. ಲಾಟೀನು ಹತ್ತಿರ ತರಿಸಿ ಬಹಳ ಹೊತ್ತು ನೋಡಿದರು. "ಬೆಳಕಿರುವಾಗ ಬಂದಿದ್ದರೆ ಪ್ರಯತ್ನ ಮಾಡಬಹುದಿತ್ತು. ಬೆಳಗಿನವರೆಗೆ ಈ ಕಣ್ಣು ಕಾಯುವುದಿಲ್ಲ. ಇದರ ನಂಜು ತಾಗದಂತೆ ಇನ್ನೊಂದನ್ನು ಉಳಿಸಿಕೊಳ್ಳೋಣ" ಎಂದರು.

ಅತ್ತಿಗೆ ನನ್ನ ಅಂಗಿಯ ಎದೆ ಹಿಡಿದು ಜಗ್ಗಿದಳು. "ನಿನ್ ಮೋಟಾರು ನನ್ ಗಂಡನ ಕಣ್ಣು ತಿಂತಲ್ಲೋ! ಅದನ್ನ ನಂಬ್ಕೊಂಡ್ ಬಂದ್ವಲ್ಲೋ!" ಎಂದು ಗುದ್ದಿದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬೆಂಚಿನ ಮೇಲೆ ಮಲಗಿದ್ದ ಅಣ್ಣ ಮುಖವನ್ನು ನನ್ನ ಕಡೆ ಹೊರಳಿಸಿದ. "ಲೇ ತಮ್ಮ" ಎಂದ, ಮೆಲ್ಲಗೆ.

"ಹೌದತ್ತಿಗೆ, ನನ್ನ ಕಾರೇ ಕೆಟ್ಟದ್ದು" ಎಂದೆ.

ಅವಳು ಸಾಯುವವರೆಗೂ ನಾನು ಓಡಿಸಿದ ಯಾವ ಗಾಡಿಯನ್ನೂ ಹತ್ತಲಿಲ್ಲ.