ಚಿಕ್ಕಪ್ಪ ಬೇಡ ಎಂದಿದ್ದ ಪಂಪು

ನಮ್ಮ ಆಸ್ಪತ್ರೆಯ ಹಿಂಭಾಗದಲ್ಲಿ, ಲಾಂಡ್ರಿಯ ಗೋಡೆ ದಾಟಿದರೆ, ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿದೆ. ಅಲ್ಲಿ ಇಪ್ಪತ್ತಾರು ವರ್ಷ ಆಪರೇಟರ್ ಆಗಿದ್ದವನನ್ನು ಎಲ್ಲರೂ ಬಕೆಟ್ಟಣ್ಣ ಎನ್ನುತ್ತಿದ್ದರು. ಜೀವಮಾನದಲ್ಲಿ ಯಾವ ಅಧಿಕಾರಿಗೂ ಬಕೆಟ್ ಹಿಡಿಯದ ಮನುಷ್ಯನಿಗೆ ಆ ಹೆಸರು ಅಂಟಿದ್ದಕ್ಕೆ ಕಾರಣ ಬೇರೆ. ದಿನಾ ಬೆಳಿಗ್ಗೆ ಅವನು ಒಳಬರುವ ಕೊಳಚೆಯಿಂದ ಒಂದು ಬಕೆಟ್ ಎತ್ತಿ ಜರಡಿಗೆ ಸುರಿದು, ಉಳಿದದ್ದನ್ನು ಕಡ್ಡಿಯಿಂದ ಕೆದಕಿ ನೋಡುತ್ತಿದ್ದ. ಕೂದಲು, ಹತ್ತಿ, ಬ್ಯಾಂಡೇಜಿನ ದಾರ. ಆಮೇಲೆ ವಾರ್ಡಿಗೆ ಹೋಗಿ "ಯಾರಮ್ಮ ಬ್ಯಾಂಡೇಜನ್ನ ಕಮೋಡಿಗೆ ಹಾಕಿದ್ದು?" ಎಂದು ಕೇಳಿ ನರ್ಸುಗಳಿಂದ ಬೈಸಿಕೊಂಡು ಬರುತ್ತಿದ್ದ.

ಅವನು ನನ್ನ ಚಿಕ್ಕಪ್ಪ. ಇಷ್ಟು ಬರೆಯಲು ನನಗೆ ಹತ್ತು ವರ್ಷ ಬೇಕಾಯಿತು.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಡುತ್ತಿದ್ದವನು ಅವನೇ. ಒಂದು ಬೀದಿ ಮೊದಲೇ ಇಳಿಸು ಎಂದು ಹಟ ಮಾಡುತ್ತಿದ್ದೆ. ಅವನ ಅಂಗಿಯ ವಾಸನೆ ಗೆಳತಿಯರ ಮೂಗಿಗೆ ಬಡಿಯಬಾರದು, ಅಷ್ಟೇ. ಮುಂದೆ ಅದೇ ಆಸ್ಪತ್ರೆಗೆ ಮೇಂಟೆನೆನ್ಸ್ ಇಂಜಿನಿಯರಾಗಿ ಸೇರಿದಾಗಲೂ ನನ್ನ ಬುದ್ಧಿ ಅಲ್ಲಿಂದ ಮೇಲೆದ್ದಿರಲಿಲ್ಲ. ಮೊದಲ ದಿನವೇ ಹೇಳಿದೆ: "ಚಿಕ್ಕಪ್ಪ, ಇಲ್ಲಿ ನಮ್ಮ ಸಂಬಂಧ ಯಾರಿಗೂ ಗೊತ್ತಾಗೋದು ಬೇಡ. ಮೇಡಂ ಅಂತಾನೇ ಕರಿ."

"ಆಗ್ಲಿ ಬಿಡು ಪುಟ್ಟಿ," ಎಂದ. ಮರುದಿನದಿಂದ ಎಷ್ಟು ಸಲೀಸಾಗಿ ಮೇಡಂ ಎಂದನೆಂದರೆ, ನನಗೂ ಅದೇ ಸರಿ ಅನ್ನಿಸಿತು.

ವರ್ಷ ತುಂಬುವಷ್ಟರಲ್ಲಿ ಕೊಳಚೆ ಎತ್ತುವ ಹಳೇ ಪಂಪು ಕೈಕೊಟ್ಟಿತು. ಹೊಸದನ್ನು ಆರಿಸುವ ಹೊಣೆ ನನ್ನದು. ಡೀಲರ್ ಎರಡು ಮಾದರಿ ತಂದಿಟ್ಟ. ಮೊದಲನೆಯದು ಕಡಿಮೆ ಕರೆಂಟಿಗೆ ಹೆಚ್ಚು ನೀರು ಎತ್ತುವಂಥದ್ದು. ಆದರೆ ನೀರು ತಳ್ಳುವ ಅದರ ಒಳಚಕ್ರದ ಸಂದುಗಳು ಕಿರಿದು. ಎರಡನೆಯದಕ್ಕೆ ಕರೆಂಟು ಜಾಸ್ತಿ, ಒಳದಾರಿ ಅಗಲ. ಕಾಗದದ ಮೇಲಿನ ಲೆಕ್ಕ ನೋಡಿದರೆ ಮೊದಲನೆಯದೇ ಚೆಲುವೆ. ಚಿಕ್ಕಪ್ಪ ಜೇಬಿನಿಂದ ಒಂದು ರಬ್ಬರ್ ಚೆಂಡು ತೆಗೆದು ಎರಡೂ ಪಂಪುಗಳ ಬಾಯಿಗೆ ತುರುಕಿ ನೋಡಿದ. ಅಗಲದ್ದರಲ್ಲಿ ಚೆಂಡು ಆಚೆ ಬಂತು. ನಾನು ಮೆಚ್ಚಿದ್ದರಲ್ಲಿ ಬಾಯಲ್ಲೇ ನಿಂತಿತು.

"ಇದು ಬೇಡ ಮೇಡಂ. ಇಲ್ಲಿ ಬರೋದು ಬರೀ ನೀರಲ್ಲ. ಪಂಪಿನ ಮುಂದಿನ ಜಾಲರಿ ಎಷ್ಟೇ ಕ್ಲೀನಾಗಿದ್ರೂ ದಾರ ನುಸುಳಿ ಬರುತ್ತೆ. ಒಳಗೆ ಹೋಗಿ ಜಡೆ ಹೆಣ್ಕೊಳುತ್ತೆ."

ಡೀಲರ್ ಮೀಸೆಯಡಿ ನಕ್ಕ. ಆ ನಗು ಚಿಕ್ಕಪ್ಪನ ಮೇಲೋ ನನ್ನ ಮೇಲೋ ಎಂದು ತಿಳಿಯದೆ ನನ್ನ ಮೈ ಉರಿಯಿತು.

"ಪಂಪ್ ಆರಿಸೋದು ಚೆಂಡಾಟ ಅಲ್ಲ. ನೀವು ನಿಮ್ಮ ಕೆಲಸ ನೋಡಿ," ಎಂದೆ. ನನ್ನನ್ನು ಎತ್ತಿ ಆಡಿಸಿದವನಿಗೆ ಹೇಳಿದ ಮಾತು ಇದು.

ನಾನು ಆರಿಸಿದ ಪಂಪನ್ನೇ ಕೂರಿಸಿದರು; ಹನ್ನೊಂದನೇ ದಿನ ಅದು ಕಟ್ಟಿಕೊಂಡಿತು. ಕೊಳಚೆ ಹಿಂದೆ ನುಗ್ಗಿ ಹೆರಿಗೆ ವಾರ್ಡಿನ ಬಚ್ಚಲಲ್ಲಿ ಉಕ್ಕಿತು. ಹಸುಗೂಸುಗಳನ್ನು ಎತ್ತಿಕೊಂಡು ಬಾಣಂತಿಯರು ಬರಿಗಾಲಲ್ಲಿ ಮೇಲಿನ ಮಹಡಿ ಹತ್ತಿದರು. ಸೂಪರಿಂಟೆಂಡೆಂಟ್ ಅವರ ಕೋಣೆಯಿಂದ ನಮ್ಮಿಬ್ಬರಿಗೂ ಕರೆ ಬಂತು. ನಾನು ಕುರ್ಚಿಯಲ್ಲಿ ಕುಳಿತೆ, ಚಿಕ್ಕಪ್ಪ ಬಾಗಿಲ ಹತ್ತಿರ ನಿಂತ.

"ಯಾರ ತಪ್ಪಿದು?"

"ಆಪರೇಟರ್ ಜಾಲರಿ ಕ್ಲೀನ್ ಮಾಡಿಲ್ಲ ಸಾರ್," ಎಂದೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ನನಗೆ ಒರೆಸುವುದಕ್ಕೆ ಅರೆಗಳಿಗೆಯೂ ಹಿಡಿಯಲಿಲ್ಲ.

ಚಿಕ್ಕಪ್ಪ ನನ್ನತ್ತ ತಿರುಗಲೂ ಇಲ್ಲ. "ಹೌದು ಸಾರ್, ನಂದೇ ತಪ್ಪು," ಎಂದ. ಅವನನ್ನು ಪ್ಲಾಂಟಿನಿಂದ ತೆಗೆದು ವಾಹನ ನಿಲ್ಲಿಸುವ ಜಾಗದ ಗೇಟಿಗೆ ಹಾಕಿದರು. ನಿವೃತ್ತಿಗೆ ಎಂಟು ತಿಂಗಳಿತ್ತು.

ಅವತ್ತೇ ಮಧ್ಯಾಹ್ನ ಪಂಪು ಬಿಚ್ಚಿಸಿದೆ. ಒಳಚಕ್ರದ ಸುತ್ತ ದಾರ, ಹತ್ತಿ, ಕೂದಲು ಸೇರಿ ನನ್ನ ಮುಂಗೈ ದಪ್ಪದ ಜಡೆಯಾಗಿತ್ತು. ಹೋಗಿ ಜಾಲರಿ ನೋಡಿದೆ. ನಮ್ಮ ಮನೆಯ ಪಾತ್ರೆಗಳೂ ಅಷ್ಟು ಶುಭ್ರವಾಗಿರುವುದಿಲ್ಲ. ಎರಡೇ ವಾರದಲ್ಲಿ ಅಗಲದ ಒಳದಾರಿಯ ಪಂಪನ್ನು ತರಿಸಿದೆ. ಅದು ಒಮ್ಮೆಯೂ ಕಟ್ಟಿಕೊಳ್ಳಲಿಲ್ಲ. ಸಮಸ್ಯೆಯನ್ನು ಅಧ್ಯಯನ ಮಾಡಿ ಪರಿಹರಿಸಿದ್ದಕ್ಕೆ ನನಗೊಂದು ಮೆಚ್ಚುಗೆ ಪತ್ರ ಸಿಕ್ಕಿತು. ನಾನದನ್ನು ತೆಗೆದುಕೊಂಡೆ. ದಿನಾ ಬೆಳಿಗ್ಗೆ ಗೇಟಿನಲ್ಲಿ ಚಿಕ್ಕಪ್ಪ ನನ್ನ ಸ್ಕೂಟರಿಗೆ ಅಡ್ಡಕಂಬ ಎತ್ತಿ "ನಮಸ್ಕಾರ ಮೇಡಂ" ಎನ್ನುತ್ತಿದ್ದ. ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಎಂಟು ತಿಂಗಳೂ ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ನಿಜ ಹೇಳಿದರೆ ಅವನು ಕೊನೆಯ ನಾಲ್ಕು ದಿನವಾದರೂ ಪ್ಲಾಂಟಿನ ಮನುಷ್ಯನಾಗಿ ಇದ್ದು, ತಲೆಯೆತ್ತಿ ಮನೆಗೆ ಹೋಗಬಹುದಿತ್ತು. ನಿವೃತ್ತಿಗೆ ಐದು ದಿನ ಉಳಿದಾಗ, ಒಂದು ಭಾನುವಾರ, ಗಟ್ಟಿ ಮನಸ್ಸು ಮಾಡಿದೆ. ಮೊದಲು ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೆದುರೂ ತಪ್ಪೊಪ್ಪಿಕೊಂಡು, ಸೋಮವಾರ ಸೂಪರಿಂಟೆಂಡೆಂಟರಿಗೆ ಬರೆದುಕೊಡುವುದು ಎಂದು ಅವರ ಮನೆಗೆ ಹೋದೆ.

ಚಿಕ್ಕಪ್ಪ ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದ. "ಚಿಕ್ಕಮ್ಮ, ನಿಮ್ಮಿಬ್ಬರ ಹತ್ರ ಒಂದು ವಿಷಯ ಹೇಳ್ಬೇಕು," ಎಂದೆ.

ಚಿಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನನ್ನ ಎರಡೂ ಕೈ ಹಿಡಿದಳು. "ನೀನೇನೂ ಹೇಳ್ಬೇಡ, ಇವರು ಎಲ್ಲಾ ಹೇಳಿದಾರೆ. ಪ್ಲಾಂಟಿನ ಮೆಟ್ಟಿಲು ಹತ್ತಿ ಇಳಿದು ಇವರ ಮಂಡಿ ಸವೆದೋಗಿತ್ತು. ಅದನ್ನ ನೋಡಕ್ಕಾಗ್ದೆ ನೀನೇ ದೊಡ್ಡೋರ ಹತ್ರ ಮಾತಾಡಿ ಗೇಟಿಗೆ ಹಾಕಿಸಿದ್ಯಂತಲ್ಲ. ಹೊಟ್ಟೇಲಿ ಹುಟ್ಟಿದ ಮಗಳೂ ಇಷ್ಟು ಮಾಡಲ್ಲ ಕಣೇ."

ಚಿಕ್ಕಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಪುಟವನ್ನೂ ತಿರುವಲಿಲ್ಲ.

ಚಿಕ್ಕಮ್ಮನ ಕೈ ಬಿಸಿಯಾಗಿತ್ತು. ನಾನು ಅವಳ ಮುಖ ನೋಡಿ, "ಹೂಂ ಚಿಕ್ಕಮ್ಮ," ಎಂದೆ.