ಒಂಟಿಕೊಪ್ಪಲಿನ ಅಮ್ಮನ ಪಾತ್ರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತಾರು ವರ್ಷದಿಂದ ಸಿಂಗಪುರದ ಜುರಾಂಗ್ ಐಲ್ಯಾಂಡಿನ ಪ್ಲಾಂಟಿನಲ್ಲಿ ಪೈಪು, ವಾಲ್ವುಗಳ ಜೊತೆ ಏಗುತ್ತಿರುವವನು ನಾನು. ಮನುಷ್ಯರ ಜೊತೆ ನಯವಾಗಿ ಮಾತಾಡುವುದನ್ನು ಕಲಿಯಲೇ ಇಲ್ಲ. ವರ್ಷಕ್ಕೊಂದು ಕನ್ನಡ ನಾಟಕ ಮಾಡಿಸುವ ಹುಚ್ಚು ಬೇರೆ. ಆ ಸಲದ ನಾಟಕಕ್ಕೆ ಮೂರು ತಿಂಗಳು ನನ್ನ ಬೈಗುಳ ತಿಂದೂ ಒಂದು ದಿನ ತಪ್ಪಿಸದೆ ಬಂದವಳು ಮೀರಾ ಒಬ್ಬಳೇ.

ನಾಟಕದ ಕಥೆ ನನ್ನದೇ. ಈ ಕಾಲದ ಅಣ್ಣ ತಂಗಿ ಇಲ್ಲಿನ ಬುಕಿತ್ ಬಾಟೋಕ್‌ನ ತಮ್ಮ ಫ್ಲ್ಯಾಟಿನ ಬ್ಲಾಕಿನಲ್ಲಿ ಲಿಫ್ಟ್ ಹತ್ತುತ್ತಾರೆ. ಬಾಗಿಲು ತೆರೆದರೆ ಮೈಸೂರಿನ ಒಂಟಿಕೊಪ್ಪಲು, ಇಸವಿ ಸಾವಿರದ ಒಂಬೈನೂರ ಐವತ್ತೈದು! ಅಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ, ಹಾಲು ಉಕ್ಕುವುದಿಲ್ಲ, ಆರು ಹೊಡೆಯುವಷ್ಟರಲ್ಲಿ ಅಪ್ಪ ಸೈಕಲ್ಲಿನಲ್ಲಿ ಬರುತ್ತಾರೆ, ಅಮ್ಮ ನಗುನಗುತ್ತಾ ಕಾಫಿ ತರುತ್ತಾಳೆ. ಸಿಕ್ಕಿಹಾಕಿಕೊಂಡ ಮಕ್ಕಳು ಎರಡು ಅಂಕ ಒದ್ದಾಡುತ್ತಾರೆ. ಕೊನೆಗೆ ಲಿಫ್ಟ್ ಮತ್ತೆ ಬಂದು ಅವರನ್ನು ಕರೆದುಕೊಂಡು ಹೋಗುತ್ತದೆ. ನಾನು ಹುಟ್ಟಿದ್ದು ಅರವತ್ತಮೂರರಲ್ಲಿ. ಐವತ್ತೈದನ್ನು ಕಣ್ಣಲ್ಲಿ ಕಂಡವನಲ್ಲ. ಅದಕ್ಕೇ ಅಷ್ಟು ಚೆನ್ನಾಗಿ ಬರೆದೆ ಅಂತ ಕಾಣುತ್ತದೆ.

ಮೀರಾ ಆ ಅಮ್ಮ. ಅವಳ ಹದಿಮೂರು ವರ್ಷದ ಮಗಳು ಶ್ರೀಯಾ ನಾಟಕದಲ್ಲಿ ತಂಗಿ, ಪಕ್ಕದ ಬ್ಲಾಕಿನ ಇಶಾನ್ ಅಣ್ಣ. ಈ ಎರಡು ಮಕ್ಕಳಿಗೂ ಕನ್ನಡ ಓದಲು ಬರುವುದಿಲ್ಲ. ಅವರ ಮಾತನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕು. ಮೂವತ್ತೆಂಟು ಪುಟವನ್ನು ಕೂತು ಬರೆದುಕೊಟ್ಟವಳೂ ಮೀರಾನೇ. ನಾನು ಥ್ಯಾಂಕ್ಸ್ ಹೇಳಿದ ನೆನಪಿಲ್ಲ.

ಮೀರಾ ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು, ಕೈಕೆಳಗೆ ಹನ್ನೊಂದು ಜನ ಇದ್ದರಂತೆ. ಗಂಡ ಅವಿನಾಶನಿಗೆ ಇಲ್ಲಿ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ವುಡ್‌ಲ್ಯಾಂಡ್ಸಿಗೆ ಬಂದು ಆರು ವರ್ಷ. ಅವನ ಪಾಸಿನ ಮೇಲೆ, ಅಂದರೆ ಅವನ ಪರವಾನಗಿಯ ಆಧಾರದಲ್ಲಿ, ಬಂದ ಹೆಂಡತಿ ದುಡಿಯಬೇಕಾದರೆ ಕಂಪನಿಯವರು ಅವಳ ಹೆಸರಿಗೇ ಬೇರೆ ವರ್ಕ್ ಪಾಸ್ ಮಾಡಿಸಬೇಕು. ಆ ತಲೆನೋವು ಯಾರಿಗೆ ಬೇಕು? ಮೂರು ಕಂಪನಿಯವರು ಇಂಟರ್‌ವ್ಯೂನಲ್ಲಿ ಹೊಗಳಿ, ಪಾಸಿನ ಮಾತು ಬಂದ ಕೂಡಲೇ ಮಾಯವಾದರು. ನಾಲ್ಕನೆಯವರು ಮಾತ್ರ ಒಪ್ಪಿ ಅರ್ಜಿ ಹಾಕಿದ್ದರು.

"ಇದೇ ಕೊನೆ ಸರ್," ಅಂದಿದ್ದಳು ಒಮ್ಮೆ, ಬ್ಲಾಕಿನ ಕೆಳಗಿನ ಖಾಲಿ ಅಂಗಳದಲ್ಲಿ, ವಾಯ್ಡ್ ಡೆಕ್‌ನಲ್ಲಿ, ರಿಹರ್ಸಲ್ ಮುಗಿಸಿ ಕುರ್ಚಿ ಜೋಡಿಸುತ್ತಾ. "ನಲವತ್ತೊಂದಾಯ್ತು ನಂಗೆ. ಇದೂ ರಿಜೆಕ್ಟ್ ಆದ್ರೆ ಇನ್ಯಾರೂ ಮೂಸಿ ನೋಡಲ್ಲ. ನನ್ನ ಪಾಸ್ ಕಾರ್ಡ್ ಮೇಲೆ ಏನು ಪ್ರಿಂಟ್ ಆಗಿದೆ ಗೊತ್ತಾ? ಡಿಪೆಂಡೆಂಟ್ ಅಂತ. ಪ್ರತಿಸಲ ತೆಗೆದು ತೋರಿಸುವಾಗ ಮೈ ಉರಿಯುತ್ತೆ."

"ಬಿಡಮ್ಮ, ಆಗುತ್ತೆ," ಅಂದೆ. ನನ್ನ ತಲೆಯಲ್ಲಿ ಎರಡನೇ ಅಂಕದ ಲೈಟಿಂಗ್ ಓಡುತ್ತಿತ್ತು.

ಇನ್ನೊಂದು ದಿನ ಸ್ಕ್ರಿಪ್ಟ್ ಹಿಡಿದು ಬಂದಳು. "ಸರ್, ಈ ಅಮ್ಮ ಒಂದು ಸಲಾನೂ ಗೇಟು ದಾಟಲ್ವಲ್ಲ?"

"ಯಾಕೆ ದಾಟಬೇಕು? ತರಕಾರಿ, ಹೂವು, ಬಳೆ, ಎಲ್ಲ ಬಾಗಿಲಿಗೇ ಬರುತ್ತೆ. ಸುಖವಾಗಿದ್ದಾಳೆ ಮಹಾತಾಯಿ!"

"ಸುಖವಾಗಿದ್ದಾಳೆ ಅಂತ ಯಾರು ಹೇಳಿದ್ರು?"

"ನಾನು ಹೇಳ್ತಿದ್ದೀನಿ, ಬರೆದವನು! ಹೋಗು, ಲೈನ್ ನೋಡ್ಕೋ," ಎಂದು ಗದರಿಸಿ ಕಳಿಸಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಪ್ರದರ್ಶನದ ದಿನ ನಾಲ್ಕು ಗಂಟೆ. ಬಣ್ಣದ ಕೋಣೆಯಲ್ಲಿ ಮೀರಾ ಮೈಸೂರು ಸಿಲ್ಕ್ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು ಮೂಲೆಯಲ್ಲಿ ಫೋನ್ ನೋಡುತ್ತಾ ನಿಂತಿದ್ದಳು. ಮುಖ ನೋಡಿದ ಕೂಡಲೇ ಗೊತ್ತಾಯಿತು.

"ಬಂತಾ?"

"ಬಂತು ಸರ್. ಪಾಸ್ ಸಿಗ್ಲಿಲ್ಲ. ಕಂಪನಿಯವರು ಇನ್ನೊಂದ್ಸಲ ಅಪ್ಲೈ ಮಾಡಲ್ವಂತೆ, ಬೇರೆಯವರನ್ನ ತಗೋತಾರಂತೆ."

ಆಗ ನಾನು ಏನಂದೆ ಗೊತ್ತೇ? "ಅಯ್ಯೋ ದೇವರೇ! ಪಾರ್ಟ್ ಮಾಡ್ತೀಯಾ ತಾನೇ?" ಅಂದೆ. ಬಾಯಿಂದ ಅದೇ ಬಂತು.

"ಮಾಡ್ತೀನಿ ಸರ್. ಶ್ರೀಯಾಗೆ ಮಾತ್ರ ಹೇಳ್ಬೇಡಿ."

ಮಾಡಿದಳು. ಎಷ್ಟು ಚೆನ್ನಾಗಿ ಮಾಡಿದಳೆಂದರೆ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲೂ ಒಂದು ಮಾತು ತಪ್ಪಲಿಲ್ಲ, ಕೊನೆಯ ದೃಶ್ಯದವರೆಗೆ. ಅಲ್ಲಿ ಮಕ್ಕಳು ಲಿಫ್ಟಿನೊಳಗೆ ಹೋಗಬೇಕು, ಅಮ್ಮ ಕೋಡುಬಳೆ ಡಬ್ಬಿ ಕೊಟ್ಟು "ಹೋಗಿ ಬನ್ನಿ" ಅನ್ನಬೇಕು, ಬಾಗಿಲು ಮುಚ್ಚಬೇಕು. ಮೀರಾ ಡಬ್ಬಿ ಕೊಡಲಿಲ್ಲ. ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ನನ್ನನ್ನೂ ಕರ್ಕೊಂಡು ಹೋಗ್ತೀರಾ?" ಅಂದಳು.

ಇಶಾನ್ ಬಾಯಿ ತೆರೆದು ನಿಂತ. ಶ್ರೀಯಾ ಕಣ್ಣು ಪಿಳಿಪಿಳಿ ಬಿಟ್ಟಳು. ಹಾಳೆಯಲ್ಲಿ ಇಲ್ಲದ ಮಾತಿಗೆ ಉತ್ತರ ಎಲ್ಲಿಂದ ತರುವುದು? ಆಮೇಲೆ ಅವಳ ಬಾಯಿಗೆ ಬಂದದ್ದು ಅವಳದೇ ಭಾಷೆ, ಇಲ್ಲಿನ ಶಾಲೆಯ ಸಿಂಗಪುರ ಇಂಗ್ಲಿಷ್ ಬೆರೆತದ್ದು.

"ಕೆನಾಟ್ ಲಾ, ಅಮ್ಮ! ನೀನು ಇಲ್ಲಿಯವಳೇ ಅಲ್ವಾ?"

ಇಡೀ ಸಭೆ ಹೋ ಎಂದು ನಕ್ಕಿತು. ಶಿಳ್ಳೆ, ಚಪ್ಪಾಳೆ! ಅವಿನಾಶ್ ಎರಡನೇ ಸಾಲಿನಲ್ಲಿ ಎದ್ದು ನಿಂತು ವಿಡಿಯೋ ತೆಗೆಯುತ್ತಾ ನಗುತ್ತಿದ್ದ. ಮೀರಾ ಮಗಳನ್ನೇ ನೋಡಿದಳು. ಕೈ ತೆಗೆದಳು. ಡಬ್ಬಿ ಕೊಟ್ಟು "ಹೋಗಿ ಬನ್ನಿ" ಅಂದಳು, ಬಾಗಿಲು ಮುಚ್ಚಿತು. ಪರದೆ ಎಳೆಯಲು ನನಗೆ ಕೈಯೇ ಬರಲಿಲ್ಲ.

ಒಳಗೆ ಬಂದ ಶ್ರೀಯಾ ಅಮ್ಮನ ಮೇಲೆ ಹರಿಹಾಯ್ದಳು. "ಯಾಕಮ್ಮಾ ಲೈನ್ ಚೇಂಜ್ ಮಾಡ್ದೆ? ಐ ಸೋ ಪ್ಯಾನಿಕ್, ಯು ನೋ!"

"ನಾನೇ ಹೇಳಿದ್ದು ಪುಟ್ಟಾ, ಬದಲಾಯಿಸು ಅಂತ," ಅಂದುಬಿಟ್ಟೆ ನಾನು.

"ಹೂಂ, ಸರ್ ಬರೆದಿದ್ದೇ," ಅಂದಳು ಮೀರಾ.

ಆಮೇಲೆ ಅವಳು ಯಾವ ಕಂಪನಿಗೂ ಅರ್ಜಿ ಹಾಕಲಿಲ್ಲ. ಎರಡು ತಿಂಗಳಾದ ಮೇಲೆ ಧೈರ್ಯ ಮಾಡಿ ಫೋನ್ ಮಾಡಿದೆ, ಒಂದು ಮಾತು ಕೇಳೋಣ, ಕ್ಷಮೆ ಕೇಳೋಣ ಎಂದು. ನಾನು ಬಾಯಿ ಬಿಡುವ ಮೊದಲೇ ಅವಳು, "ಮುಂದಿನ ವರ್ಷಾನೂ ಅಮ್ಮನ ಪಾತ್ರ ಇದ್ರೆ ನಂಗೇ ಕೊಡಿ ಸರ್, ಮನೇಲೇ ಇರ್ತೀನಿ," ಅಂದಳು.