ಜಾರದ ಗುಡ್ಡ

ಜಾನಕಿ, ನಿಮ್ಮ ಲೈನುಮನೆಗಳ ಹಿಂದಿನ ಗುಡ್ಡ ಜಾರುತ್ತಿರಲಿಲ್ಲ. ನೀವೆಲ್ಲ ಗಂಟುಮೂಟೆ ಕಟ್ಟಿ ಜೀಪು ಹತ್ತುವ ಮೊದಲೇ ಅದು ನನಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ಇಷ್ಟು ಹೇಳಲು ಇಷ್ಟು ವರ್ಷ ಹಿಡಿಯಿತು. ಈಗಲೂ ಧೈರ್ಯ ಬಂದು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ — ಸುಸ್ತಾಗಿ ಹೇಳುತ್ತಿದ್ದೇನೆ. ಒಳಗೊಂದನ್ನು ಮುಚ್ಚಿಟ್ಟುಕೊಂಡು ಪಾಠ ಮಾಡುವುದು, ಮದುವೆ ಮನೆಯಲ್ಲಿ ಯಾರಾದರೂ 'ನೀವೇ ಅಲ್ವಾ ಆ ಸ್ಯಾಟಲೈಟ್ ಮೇಡಂ' ಎಂದಾಗ ಹಲ್ಲು ಕಿರಿಯುವುದು — ಸಾಕಾಗಿ ಹೋಗಿದೆ. ಈಚೆಗೆ ಬೆಳಗ್ಗೆ ಏಳುವಾಗಲೇ ದಣಿವು.

ನಾನು ಮಡಿಕೇರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು ಎಂದಷ್ಟೇ ನಿಮಗೆ ಗೊತ್ತು. ಗುಡ್ಡಗಳು ಕುಸಿದು ಊರುಗಳು ಮಣ್ಣಿನಡಿ ಹೋದ ಆ ಮಳೆಗಾಲದ ನಂತರ ಒಂದು ಸಂಶೋಧನಾ ತಂಡ ಬಂತು. ಯಾವ ಗುಡ್ಡ ಮುಂದೆ ಜಾರಬಹುದು ಎಂದು ಉಪಗ್ರಹದ ಚಿತ್ರ ನೋಡಿ ಹೇಳುವವರು ಕೆಲವರು, ಅಲ್ಲಿನ ಜನರನ್ನು ಎಲ್ಲಿಗೆ, ಹೇಗೆ ಸ್ಥಳಾಂತರಿಸಬೇಕು ಎಂದು ಸರಕಾರಕ್ಕೆ ಸಲಹೆ ಕೊಡುವವರು ಕೆಲವರು. ಎಲ್ಲರೂ ಹೊರಗಿನವರು. ಊರು ಬಲ್ಲವರೊಬ್ಬರು ಇರಲಿ ಎಂದು ನನ್ನನ್ನು ಸೇರಿಸಿಕೊಂಡರು. ಊರು ಬಲ್ಲವಳು! — ಈ ಮಾತು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೆಲಸ ಹೀಗೆ, ಜಾನಕಿ. ಉಪಗ್ರಹ ಮೇಲಿನಿಂದ ಒಂದು ಅಲೆ ಕಳಿಸುತ್ತದೆ, ಅದು ನೆಲಕ್ಕೆ ತಾಗಿ ವಾಪಸು ಹೋಗುತ್ತದೆ. ಕೆಲವು ವಾರ ಬಿಟ್ಟು ಇನ್ನೊಮ್ಮೆ ಕಳಿಸುತ್ತದೆ. ಎರಡರ ನಡುವೆ ವ್ಯತ್ಯಾಸ ಕಂಡರೆ ನೆಲ ಅಲುಗಿದೆ ಎಂದು ಲೆಕ್ಕ. ನಕ್ಷೆಯಲ್ಲಿ ಆ ಜಾಗ ಕೆಂಪಾಗುತ್ತದೆ. ಚೆಟ್ಟಳ್ಳಿ ಕಡೆಯ ನಿಮ್ಮ ಎಸ್ಟೇಟಿನ ಗುಡ್ಡ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿತ್ತು.

ನೆಲಕ್ಕೆ ಇಳಿದು ಕಣ್ಣಾರೆ ನೋಡಿ ಬರುವುದು ನನ್ನ ಪಾಲಿನ ಕೆಲಸ. ಬಂದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪಿನಲ್ಲೇ ಸುತ್ತಿಸಿದರು. ಗುಡ್ಡ ನೋಡಿದೆ, ಕಾಫಿ ನೋಡಿದೆ, ಕಾಫಿಯ ಮೇಲೆ ಕೊಂಬೆ ಕಳಚಿಕೊಂಡು ಬೋಳಾಗಿ ನಿಂತಿದ್ದ ಮರಗಳನ್ನೂ ನೋಡಿದೆ. ಮಳೆಗೆ ಮುಂಚೆ ಮರಗಸಿ ಮಾಡುವುದು, ನೆರಳಿನ ಮರಗಳ ಕೊಂಬೆ ಕಡಿದು ತೋಟಕ್ಕೆ ಬೆಳಕು ಬಿಡುವುದು, ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? ನಾನು ಹುಟ್ಟಿದಾಗಿನಿಂದ ಕಂಡದ್ದು. ಹಾಗಾಗಿಯೇ ಇರಬೇಕು, ಕಂಡರೂ ಕಾಣಲಿಲ್ಲ. ಅಲೆ ನೆಲ ಮುಟ್ಟುವ ಮೊದಲು ಎಲೆಗೆ ತಾಗುತ್ತದೆ. ಮೊದಲ ಸಲ ಇದ್ದ ಎಲೆ ಎರಡನೆಯ ಸಲ ಇಲ್ಲದಿದ್ದರೆ ಗುಡ್ಡವೇ ಅಲುಗಿದಂತೆ ತೋರುತ್ತದೆ. ಇಷ್ಟು ಹೊಳೆಯಲು ನನಗೆ ಓದು ಬೇಕಿರಲಿಲ್ಲ, ತಲೆ ಎತ್ತಿ ಯೋಚಿಸಿದ್ದರೆ ಸಾಕಿತ್ತು.

ಆಗ ನೀವು ಬಂದಿರಿ. ಕಾಫಿ ಪಿಕ್ಕಿಂಗ್ ಹೆಂಗಸರಿಗೆಲ್ಲ ನೀವು ಹಿರಿಯಕ್ಕನ ಹಾಗೆ ಎಂದು ರೈಟರ್ ಹೇಳಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಕೇಳಿದಿರಿ.

"ಮೇಡಂ, ನೇರ ಕೇಳ್ತೇನೆ. ನಮ್ಮ ಗುಡ್ಡ ಜಾರ್ತದಾ?"

"ಜಾರ್ತದೆ ಜಾನಕಿ," ಅಂದೆ. "ಮಳೆಗೆ ಮುಂಚೆ ಬಿಡಿ. ಮಕ್ಕಳಿದ್ದಾರೆ."

ಜಾರಬಹುದು ಅನ್ನಲಿಲ್ಲ. ಇನ್ನೂ ನೋಡಬೇಕು ಅನ್ನಲಿಲ್ಲ. ತರಗತಿಯಲ್ಲಿ ಮಾತ್ರ, ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಎಂದು ಬರೆಯದ ಹುಡುಗರ ಅಂಕ ಕಳೆಯುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಗಳಿಗೆಯಲ್ಲಿ ನಿಮ್ಮ ಕಣ್ಣಲ್ಲಿ ನಾನು ದೊಡ್ಡವಳಾಗಿ ಕಂಡೆ — ಅದು ನನಗೆ ಇಷ್ಟವಾಯಿತು. ಇದನ್ನೂ ಹೇಳಿಬಿಡುತ್ತೇನೆ.

ಇಲ್ಲಿಯವರೆಗಿನದು ತಪ್ಪು. ಇನ್ನು ಹೇಳುವುದು ತಪ್ಪಲ್ಲ, ಅದಕ್ಕಿಂತ ಕೆಟ್ಟದ್ದು.

ಆ ವಾರವೇ, ಕೆಲಸ ಮುಗಿದ ಉಮೇದಿನಲ್ಲಿ, ಭಾಗಮಂಡಲದ ಹತ್ತಿರವಿರುವ ನನ್ನ ತವರನ್ನು ನಕ್ಷೆಯಲ್ಲಿ ಹುಡುಕಿದೆ. ಮನೆಯ ಹಿಂದಿನ ಬರೆ, ಆ ಕಡಿದಾದ ಇಳಿಜಾರು, ಕೆಂಪಗಿತ್ತು. ನಿಮ್ಮದರಷ್ಟೇ ಕೆಂಪು. ತೋಟ ನೋಡಿಕೊಳ್ಳುವ ತಮ್ಮನಿಗೆ ಫೋನ್ ಮಾಡಿ, ಮನೆ ಹಿಂದೆ ಎಲ್ಲಾದರೂ ಬಿರುಕು ಬಿಟ್ಟಿದೆಯಾ ಎಂದು ಕೇಳಿದೆ.

"ಬಿರುಕೂ ಇಲ್ಲೆ ಎಂತದೂ ಇಲ್ಲೆ ಅಕ್ಕ," ಅಂದ ಅವನು. "ಮರಗಸಿ ಮಾಡ್ಸಿದೊ, ಅಷ್ಟೇ."

ಫೋನ್ ಇಟ್ಟೆ. ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಪ್ರತಿ ವರ್ಷ ಮಳೆಗೆ ಮುಂಚೆ ತವರಿನ ಬರೆ ಕೆಂಪಾಗಿ, ಮರ ಚಿಗುರಿದ ಮೇಲೆ ಸರಿಹೋಗಿತ್ತು. ನಿಮ್ಮ ಗುಡ್ಡವೂ ಹಾಗೆಯೇ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಆಗ ನಾನು ಮಾಡಿದ್ದು ಇದು. ನನ್ನ ತವರಿನ ಕೆಂಪನ್ನು ಅಳಿಸಿದೆ. 'ಇಲ್ಲಿ ಮರ ಕಡಿದದ್ದರಿಂದ ಹೀಗೆ ಕಂಡಿದೆ' ಎಂದು ತಂಡಕ್ಕೆ ವಿವರಿಸಿದೆ, ಊರಿನವಳ ಮಾತೆಂದು ಅವರೂ ಒಪ್ಪಿದರು. ಕೆಂಪು ಬಿದ್ದರೆ ತಮ್ಮನ ತೋಟವನ್ನು ಮುಂದೆ ಕೊಳ್ಳಲು ಯಾರೂ ಮೂಸಿ ನೋಡುತ್ತಿರಲಿಲ್ಲ. ನಿಮ್ಮ ಗುಡ್ಡವನ್ನು ಹಾಗೇ ಬಿಟ್ಟೆ; ನಾನೇ ನೋಡಿ ಬಂದದ್ದೆಂದು ಅದರ ಬಗ್ಗೆ ಅವರೂ ಕೇಳಲಿಲ್ಲ.

ಯಾಕೆ? ಆ ಗುಡ್ಡವನ್ನೇ ಮುಂದಿಟ್ಟುಕೊಂಡು ಅಧಿಕಾರಿಗಳ ಎದುರು ಮಾತಾಡಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ. ಪುನರ್ವಸತಿ ಸಮಿತಿಗೆ ನನ್ನ ಹೆಸರು ಹೋಗಿತ್ತು. ಹಾಗೂ... ನೀವು ಬಡವರು, ಹೇಗೂ ಹೊಸ ಮನೆ ಸಿಗುತ್ತದೆ, ನಷ್ಟವೇನು ಅಂದುಕೊಂಡೆ. ಇದನ್ನು ಬರೆಯಲು ನಾಚಿಕೆ. ಆದರೂ ಅಂದುಕೊಂಡದ್ದು ನಿಜ.

ನಿಮ್ಮವರು ಹೊರಡಲು ಒಪ್ಪಿರಲಿಲ್ಲವಂತೆ. ಮನೆ ಮನೆಗೆ ಹೋಗಿ ಒಪ್ಪಿಸಿದ್ದು ನೀವು. ನಿಮ್ಮ ಅಕ್ಕ ಲಲಿತ ಕೊನೆಯವರೆಗೂ ಹಟ ಹಿಡಿದಾಗ, ಅವರ ಒಲೆಯಿಂದ ಅನ್ನದ ಪಾತ್ರೆ ಇಳಿಸಿ ನೀವೇ ಜೀಪಿಗಿಟ್ಟಿರಂತೆ. ಸರಕಾರ ಕೊಟ್ಟ ಪುನರ್ವಸತಿ ಕಾಲೊನಿ ದೂರ. ತೋಟಕ್ಕೆ ಬಂದು ಹೋಗುವುದರಲ್ಲೇ ದಿನ ಕಳೆಯುತ್ತದೆಂದು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಲಲಿತ ಮೊದಲು ಬಿಟ್ಟವರಲ್ಲಿ ಒಬ್ಬರು. ಅದನ್ನಾದರೂ ಜನ ಸಹಿಸುತ್ತಿದ್ದರೋ ಏನೋ. ಆದರೆ ಎಸ್ಟೇಟಿನ ಸಾವ್ಕಾರ್ರು ಲೈನು ಕೆಡವಿಸಿ, ಅದೇ ಜಾಗದಲ್ಲಿ ಪ್ರವಾಸಿಗರಿಗೆ ಗಾಜಿನ ಕಾಟೇಜು ಕಟ್ಟಿಸಿದರು. ಜಾರುವ ಗುಡ್ಡದಲ್ಲಿ ಬೆಂಗಳೂರಿನವರು ಹೇಗೆ ನಿದ್ದೆ ಮಾಡುತ್ತಾರೆ? ಜನರಿಗೆ ಲೆಕ್ಕ ಸಿಕ್ಕಿತು: ಜಾನಕಿಯನ್ನು ಸಾವ್ಕಾರ್ರು ಬುಟ್ಟಿಗೆ ಹಾಕಿಕೊಂಡಿದ್ದರು, ಕಾಲೊನಿಯ ರಸ್ತೆ ಬದಿಯ ಮೂಲೆ ಮನೆ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ.

ಇದೆಲ್ಲ ನನ್ನ ಕಿವಿಗೂ ಬಿದ್ದಿತ್ತು. ನಾನು ಸುಮ್ಮನಿದ್ದೆ. ಈಗ ನಿಜ ಹೇಳಿದರೆ ಮುಂದೆ ನಿಜವಾಗಿ ಜಾರುವ ಗುಡ್ಡದವರೂ ನಮ್ಮ ಮಾತು ನಂಬಲಿಕ್ಕಿಲ್ಲ, ಜೀವ ಹೋದೀತು — ಈ ನೆಪವನ್ನು ಎಷ್ಟು ವರ್ಷ ಸಾಕಿದೆ ನೋಡಿ. ಕೇಳಲು ಘನವಾಗಿದೆ. ಒಳಗೆ ಇದ್ದದ್ದು ನನ್ನ ಹೆಸರಿನ ಭಯ ಮಾತ್ರ.

ಮೊನ್ನೆ ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ನೀವು ಸಿಕ್ಕಿದಿರಿ. ನಾನು ಕಾಣದ ಹಾಗೆ ದಾಟಿ ಹೋಗುವವಳಿದ್ದೆ, ನೀವೇ ಕರೆದಿರಿ. ಸೊರಗಿದ್ದಿರಿ. ಬೈಯುತ್ತೀರಿ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಮೇಡಂ, ಬೇಜಾರು ಮಾಡ್ಬೇಡಿ. ಗುಡ್ಡ ಜಾರ್ತದೆ ಅಂತ ಅವತ್ತು ನೀವು ಹೇಳಿದ್ದು ಹೌದಲ್ಲಾ? ನಾನೇ ಕಟ್ಟಿ ಹೇಳಿದ್ದಲ್ಲ ಅಲ್ಲಾ? ಎಲ್ಲರೂ ಹೇಳಿ ಹೇಳಿ ಈಗ ನನಗೇ ಡೌಟು ಬರ್ತದೆ. ಅಕ್ಕ ಅಂತೂ ಮುಖ ಕೊಟ್ಟು ಮಾತಾಡುದೇ ಇಲ್ಲ."

"ಹಳೇದೆಲ್ಲ ಈಗ ಯಾಕೆ ಜಾನಕಿ, ಬಸ್ಸು ಬಂತು," ಅಂದೆ ನಾನು.

ಬಸ್ಸು ಬಂದಿರಲಿಲ್ಲ. ನೀವು ತಿರುಗಿ ಖಾಲಿ ರಸ್ತೆ ನೋಡಿದಿರಿ, ಆಮೇಲೆ ನನ್ನನ್ನು ನೋಡಿದಿರಿ. ನಿಮ್ಮ ಮನೆ ಹೋಯಿತು, ಅಕ್ಕ ಹೋದರು, ಒಳ್ಳೆ ಹೆಸರು ಹೋಯಿತು. ಉಳಿದಿದ್ದದ್ದು ನಿಮ್ಮ ಸ್ವಂತ ನೆನಪಿನ ಮೇಲೆ ನಿಮಗಿದ್ದ ನಂಬಿಕೆ. ಅದನ್ನೂ ನಾನು ಅಲ್ಲಿ ನಿಂತುಕೊಂಡೇ ಕಸಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಿಮ್ಮ ಮಾನ ಹೋದದ್ದು ನಿಮ್ಮ ಅಡಿಕೆಗೂ ಅಲ್ಲ, ನನ್ನ ಅಡಿಕೆಗೆ.

ಸಮಿತಿಗೆ ತಿಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಲೈನು ಮತ್ತೆ ಏಳುವುದಿಲ್ಲ, ಅಲ್ಲಿ ಕಾಟೇಜು ಇದೆ. ನಿಮ್ಮ ಕ್ಷಮೆ ಕೇಳುವ ಮುಖವೂ ನನಗಿಲ್ಲ — ಕೇಳಿದರೆ ಕೊಟ್ಟುಬಿಡುತ್ತೀರಿ, ಅದೇ ಭಯ.

ಭಾನುವಾರ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಕಾಲೊನಿಗೆ ಬರುತ್ತೇನೆ. ಮೊದಲು ನಿಮ್ಮ ಮನೆಗಲ್ಲ, ಲಲಿತ ಅವರ ಮನೆಗೆ. ನಿಮ್ಮ ತಂಗಿ ಕಟ್ಟಿ ಹೇಳಿದ್ದಲ್ಲ, ಹೇಳಿದ್ದು ನಾನು, ಸುಳ್ಳೆಂದು ಗೊತ್ತಾದ ಮೇಲೆ ನನ್ನ ತವರನ್ನು ಮಾತ್ರ ಉಳಿಸಿಕೊಂಡವಳೂ ನಾನು ಎಂದು ಹೇಳುತ್ತೇನೆ. ಅವರು ಬಾಗಿಲು ಹಾಕಿಕೊಂಡರೆ ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ.